ವೈಡೂರ್ಯ: ಬೆಕ್ಕಿನ ಕಣ್ಣೋ, ಬೇರೆ ಕಲ್ಲೋ?

ಎಲ್ಲರಿಗೂ ನಮಸ್ಕಾರ.

'ವೈಡೂರ್ಯ' ಅನ್ನೋ ಪದದ ಬಗ್ಗೆ ಕೇಳಬೇಕಿದೆ. 'ನವರತ್ನಗಳಲ್ಲಿ ಒಂದು' ಅಂತ ಮಾತ್ರ ಹೇಳಿ ಮುಗಿಸಬೇಡಿ, ಅಷ್ಟು ನಿಘಂಟಿನಲ್ಲೇ ಇದೆ. ಯಾವ ಕಲ್ಲು ಅನ್ನೋದು ನನ್ನ ಪ್ರಶ್ನೆ. ಹಿಂದಿನವರು ವೈಡೂರ್ಯ ಅಂದಾಗ ಅವರ ಕೈಯಲ್ಲಿ ಇದ್ದದ್ದು ಯಾವ ಕಲ್ಲು? ಇವತ್ತು ನಾವು ದುಡ್ಡು ಕೊಟ್ಟು ತರೋ ವೈಡೂರ್ಯ ಅದೇನಾ?

ಈ ಅನುಮಾನ ಹುಟ್ಟಿದ್ದು ನಮ್ಮ ಚಿಂತಾಮಣಿಯ ಒಂದು ಚಿನ್ನಬೆಳ್ಳಿ ಅಂಗಡಿಯಲ್ಲಿ. (ಊರಿನ ಹೆಸರೇ ರತ್ನದ್ದು, ಬೇಡಿದ್ದೆಲ್ಲ ಕೊಡೋ ಮಣಿ. ಆದರೆ ಚಿಂತಾಮಣಿ ರಾವ್ ಅನ್ನೋ ಮರಾಠ ನಾಯಕನಿಂದ ಬಂದ ಹೆಸರು ಅಂತಾರೆ. ಇಲ್ಲಿ ನೆಲ ಅಗೆದರೆ ಸಿಗೋದು ಬರೀ ಬಂಡೆ.) ನೆಂಟರ ಹುಡುಗನೊಬ್ಬನಿಗೆ ಕೇತು ದಶೆ ಶುರುವಾಗಿದೆ, ಏಳು ವರ್ಷದ್ದು. ಜೋಯಿಸರು ವೈಡೂರ್ಯದ ಉಂಗುರ ಹಾಕಿಸಿ ಅಂದಿದ್ದಾರೆ. ಅಂಗಡಿಯ ಆಚಾರಿ ಒಳಗಿದ್ದ ಹುಡುಗನಿಗೆ "ಪಿಲ್ಲಿಕನ್ನು ಪೊಟ್ಲಂ ಇಲಾ ತೇರಾ" ಅಂದ, ಬೆಕ್ಕಿನ ಕಣ್ಣಿನ ಪೊಟ್ಟಣ ಇಲ್ಲಿ ತಾರೋ ಅಂತ. ನಮ್ಮ ಕಡೆ ಮನೆಮಾತು ಕನ್ನಡ, ವ್ಯಾಪಾರದ ಮಾತು ತೆಲುಗು, ನಿಮಗೆ ಗೊತ್ತಿರೋದೇ. ಬಂದ ಪೊಟ್ಟಣದ ಮೇಲೆ ಹಿಂದಿಯಲ್ಲಿ 'ಲಹಸುನಿಯಾ' ಅಂತ ಬರೆದಿತ್ತು. ಮಾಲು ಜೈಪುರದ್ದು. ಲಹಸುನ್ ಅಂದರೆ ಬೆಳ್ಳುಳ್ಳಿ. ಬಿಲ್ಲಿನಲ್ಲಿ ಬರೆದದ್ದು 'ವೈಢೂರ್ಯ', ಮಹಾಪ್ರಾಣ ಸೇರಿಸಿ. ಒಂದೇ ಕಲ್ಲಿಗೆ ಒಂದೇ ಮೇಜಿನ ಮೇಲೆ ಬೆಕ್ಕು, ಬೆಳ್ಳುಳ್ಳಿ, ವೈಢೂರ್ಯ ಮೂರೂ ಆಯಿತು. ಇಷ್ಟಕ್ಕೇ ನಿಲ್ಲಲಿಲ್ಲ. ಆಚಾರಿ ಬಹಳ ಹೆಮ್ಮೆಯಿಂದ, "ಸಾರ್, ಇದು ನಮ್ಮ ಜಿಲ್ಲೆಯ ಕಲ್ಲೇ. ವಿದುರಾಶ್ವತ್ಥದಲ್ಲಿ ಹುಟ್ಟಿದ್ದಕ್ಕೇ ವೈಢೂರ್ಯ ಅಂತ ಹೆಸರು ಬಂದದ್ದು" ಅಂದ.

ಅಲ್ಲೇ ನಗೋಣ ಅನಿಸಿತು. ಆದರೆ ಯೋಚನೆ ಮಾಡಿದರೆ ಆ ಮಾತಿಗೂ ಒಂದು ಲೆಕ್ಕ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ನೋಡಿದವರಿಗೆ ಗೊತ್ತು, ಉತ್ತರ ಪಿನಾಕಿನಿಯ ದಡದಲ್ಲಿ ಎಲ್ಲಿ ನೋಡಿದರೂ ನಾಗರಕಲ್ಲು. ಸಾವಿರಗಟ್ಟಲೆ ಇವೆ. ಮೈತ್ರೇಯ ಮುನಿ ಕೊಟ್ಟ ಅಶ್ವತ್ಥದ ಸಸಿಯನ್ನು ವಿದುರ ಇಲ್ಲಿ ನೆಟ್ಟ ಅಂತ ಕಥೆ. ಆ ಹಳೆಯ ಮರ 2001ರಲ್ಲಿ ಬಿತ್ತು, ನಾಗಪ್ರತಿಷ್ಠೆ ಮಾತ್ರ ನಿಂತಿಲ್ಲ. ರಾಹು ಹಾವಿನ ತಲೆ, ಕೇತು ಬಾಲ. ಕೇತುವಿಗೆ ಹೇಳಿದ ರತ್ನ ವೈಡೂರ್ಯ, ಧಾನ್ಯ ಹುರುಳಿ. ನಮ್ಮ ಕಡೆ ಹುರುಳಿಗೇನು ಬರ, ಬಸ್ಸಾರಿಗೂ ಅದೇ, ಗ್ರಹಶಾಂತಿಗೂ ಅದೇ. ಕೇತು ದೋಷ ಅಂದ ಕೂಡಲೇ ಗೌರಿಬಿದನೂರು ಕಡೆಯವರು ವಿದುರಾಶ್ವತ್ಥಕ್ಕೆ, ಕೋಲಾರ ಮುಳಬಾಗಿಲಿನವರು ಶ್ರೀಕಾಳಹಸ್ತಿಗೆ ಹೊರಡುತ್ತಾರೆ. ಕಲ್ಲು, ಹಾವು, ವಿದುರ ಮೂರೂ ಒಂದೇ ಮನಸ್ಸಿನಲ್ಲಿ ಇದ್ದ ಮೇಲೆ ಅವನ್ನು ಒಂದೇ ದಾರಕ್ಕೆ ಪೋಣಿಸೋದು ಸಹಜ ಅಲ್ವಾ.

ಆದರೂ ಹೆಸರು ಅಲ್ಲಿಂದ ಬಂದಿಲ್ಲ. ಕಾರಣ ಒಂದು ದೀರ್ಘ. ಮಹಾಭಾರತದವನು ವಿದುರ, ಹ್ರಸ್ವ ಉಕಾರ. ಅದರಿಂದ ಪದ ಕಟ್ಟಿದರೆ 'ವೈದುರ್ಯ' ಆಗಬೇಕಿತ್ತು. ಪಾಣಿನಿ ಹೇಳೋದು ವಿದೂರ, ದೀರ್ಘ ಊಕಾರ. ಅಷ್ಟಾಧ್ಯಾಯಿಯ ನಾಲ್ಕನೇ ಅಧ್ಯಾಯದಲ್ಲಿ 'ವಿದೂರಾಞ್ ಞ್ಯಃ' ಅಂತ ಒಂದು ಸೂತ್ರವೇ ಇದೆ. 'ಅಲ್ಲಿಂದ ಬಂದದ್ದು' ಅನ್ನೋ ಅರ್ಥದಲ್ಲಿ ವಿದೂರ ಪದಕ್ಕೆ ಪ್ರತ್ಯಯ ಸೇರಿ ವೈದೂರ್ಯ ಆಗುತ್ತೆ. ಒಂದು ಕಲ್ಲಿಗಾಗಿ ಪಾಣಿನಿ ಪ್ರತ್ಯೇಕ ಸೂತ್ರ ಬರೆದ ಅಂದರೆ ಆ ಕಲ್ಲು ಎಷ್ಟು ಪ್ರಸಿದ್ಧ ಇದ್ದಿರಬೇಕು ನೋಡಿ.

ಇಲ್ಲಿಂದ ಮುಂದಿನದು ಇನ್ನೂ ಚೆನ್ನಾಗಿದೆ. ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಇದೇ ಸೂತ್ರಕ್ಕೆ ತಕರಾರು ತೆಗೆಯುತ್ತಾನೆ. ಈ ಮಣಿ ವಿದೂರದಲ್ಲಿ ಹುಟ್ಟೋದೇ ಇಲ್ಲವಲ್ಲ, ಹುಟ್ಟೋದು ವಾಲವಾಯ ಅನ್ನೋ ಬೆಟ್ಟದಲ್ಲಿ, ವಿದೂರದಲ್ಲಿ ಮಾಡೋದು ಸಾಣೆ ಹಿಡಿಯೋ ಕೆಲಸ ಮಾತ್ರ, ಹಾಗಿದ್ದ ಮೇಲೆ 'ವಿದೂರದಿಂದ ಬಂದದ್ದು' ಅಂತ ಹೇಗೆ ಹೇಳೋದು ಅಂತ. ಆಮೇಲೆ ಸಮಾಧಾನವನ್ನೂ ಕೊಡುತ್ತಾನೆ. ವ್ಯಾಪಾರಿಗಳು ವಾರಾಣಸಿಯನ್ನು ತಮ್ಮೊಳಗೆ 'ಜಿತ್ವರೀ' ಅಂತ ಕರೆಯುತ್ತಾರೆ, ಹಾಗೆಯೇ ವ್ಯಾಕರಣದವರು ವಾಲವಾಯವನ್ನು ವಿದೂರ ಅಂತ ಕರೆದರು ಅಂದುಕೊಳ್ಳಿ ಅಂತ. ಎರಡು ಸಾವಿರ ವರ್ಷದ ಹಿಂದೆಯೇ ಕಲ್ಲು ಒಂದು ಕಡೆ ಹುಟ್ಟಿ, ಇನ್ನೊಂದು ಕಡೆ ಸಾಣೆಗೆ ಕೂತು, ಆ ಎರಡನೇ ಊರಿನ ಹೆಸರಲ್ಲಿ ಮಾರಾಟ ಆಗುತ್ತಿತ್ತು. ನಮ್ಮ ಪೊಟ್ಟಣ ಜೈಪುರದಿಂದ ಬಂದ ಹಾಗೇ.

ಆದರೆ ಪಾಣಿನಿಯದು ದಂತ್ಯ 'ದ', ನಾವು ಹೇಳೋದು 'ಡ'. ಈ ಡಕಾರ ಎಲ್ಲಿಂದ ಬಂತು? ಪಾಳಿಯಲ್ಲಿ ಇದೇ ಕಲ್ಲಿಗೆ 'ವೇಳುರಿಯ'. ಪ್ರಾಕೃತದಲ್ಲಿ 'ವೇರುಲಿಯ' ಅಂತಲೂ ಇದೆ. ಪಂಡಿತರು ಹೇಳೋ ಪ್ರಕಾರ ಈ ಳಕಾರದ ಪದವೇ ಹಳೆಯದು. ಸಂಸ್ಕೃತದವರು ಅದನ್ನು ತಮ್ಮ ನಾಲಿಗೆಗೆ ತಿದ್ದಿಕೊಂಡು ವೈಡೂರ್ಯ ಮಾಡಿದರು, ಆಮೇಲೆ ವ್ಯಾಕರಣಕ್ಕೆ ಹೊಂದಿಸೋಕೆ ವಿದೂರವನ್ನು ತಂದರು. ಅಂದರೆ ಪಾಣಿನಿಯ ಸೂತ್ರವೂ ನಮ್ಮ ಆಚಾರಿಯ ಮಾತಿನ ಜಾತಿಯದೇ, ಸ್ವಲ್ಪ ದೊಡ್ಡ ಮಟ್ಟದ್ದು! ಇದು ನನ್ನ ತಮಾಷೆ, ವ್ಯಾಕರಣ ಓದಿದವರು ಕೋಪ ಮಾಡಿಕೊಳ್ಳಬೇಡಿ.

ಆ ವೇಳುರಿಯಕ್ಕೆ ಮೂಲ ದ್ರಾವಿಡವೇ ಇರಬೇಕು ಅಂತ ಹೇಳುವವರು ಜಾಸ್ತಿ. ತಮಿಳಿನಲ್ಲಿ 'ವೆಳಿರು' ಅಂದರೆ ಬಿಳಿಚಿಕೊಳ್ಳು. ತಮಿಳಿನ 'ವೆಳ್' ನಮ್ಮಲ್ಲಿ 'ಬೆಳ್' ಆಗುತ್ತೆ. ಬೆಳಕು, ಬೆಳಗು, ಬೆಳ್ಳಿ, ಬೆಳ್ಳಗೆ ಎಲ್ಲ ಅದೇ ಬಳಗ. ಹಾಗಾದರೆ ಬೆಳ್ಳಿಯೂ ವೈಡೂರ್ಯವೂ ದಾಯಾದಿಗಳು. ಸಂಸ್ಕೃತದ ದೊಡ್ಡ ಪದ ಅಂತ ನಾವು ಕೈಮುಗಿದು ಹೇಳೋದು ನಮ್ಮ ಮನೆಯಿಂದ ಹೋಗಿ ಪಂಚೆ ಉಟ್ಟು ವಾಪಸ್ ಬಂದ ಪದ ಇರಬಹುದು. ಇನ್ನು ಕೆಲವು ಇಂಗ್ಲಿಷ್ ನಿಘಂಟುಗಳು ವೇಲೂರು ಅನ್ನೋ ಊರಿನಿಂದ ಬಂದ ಪದ, ಆ ವೇಲೂರೇ ಈಗಿನ ಬೇಲೂರು ಅಂತ ಬರೆಯುತ್ತವೆ. 'ಬೆರಿಲ್ ಬಂದದ್ದು ನಮ್ಮ ಬೇಲೂರಿನಿಂದ' ಅಂತ ವಾಟ್ಸಾಪಿನಲ್ಲಿ ಹರಿದಾಡೋದು ಇಲ್ಲಿಂದಲೇ. ಸದ್ದು ಒಂದೇ ಥರ ಇದೆ ಅನ್ನೋದು ಬಿಟ್ಟರೆ ಅದಕ್ಕೆ ಬೇರೆ ಆಧಾರ ನನಗೆ ಕಂಡಿಲ್ಲ. ವೇಲೂರು ಅನ್ನೋ ಊರುಗಳು ತಮಿಳುನಾಡಿನಲ್ಲೂ ಇವೆ. ಬೇಲೂರಿಗೆ ಚನ್ನಕೇಶವ ಸಾಕು, ಇದನ್ನೂ ಹೊರಿಸೋದು ಬೇಡ.

ಬೆರಿಲ್ ಅಂದೆ, ಪಚ್ಚೆಯೂ ಸೇರೋ ಜಾತಿಯ ಹರಳು ಅದು. ಗ್ರೀಕರ 'ಬೇರುಲ್ಲೊಸ್' ಈ ವೇಳುರಿಯದಿಂದಲೇ ಹೋದದ್ದು, ಇಂಗ್ಲಿಷಿನ ಬೆರಿಲ್ ಅದರ ಮಗು. ಜರ್ಮನಿಯಲ್ಲಿ ಕನ್ನಡಕಕ್ಕೆ 'ಬ್ರಿಲ್ಲ' ಅನ್ನುತ್ತಾರಲ್ಲ, ಅದೂ ಇದೇ ಕುಲ. ಮೊದಮೊದಲು ಓದೋ ಗಾಜನ್ನು ಇಂಥ ತಿಳಿ ಹರಳಿನಲ್ಲಿ ಮಾಡುತ್ತಿದ್ದರು. ಪೂರ್ವಕ್ಕೆ ಹೋಗಿ ಚೀನಾದಲ್ಲಿ 'ಲ್ಯೂಲಿ' ಆಯಿತು, ಅಲ್ಲಿ ಅರ್ಥ ಬಣ್ಣದ ಗಾಜು. ಬೌದ್ಧರ ಭೈಷಜ್ಯಗುರು, ರೋಗ ವಾಸಿ ಮಾಡೋ ಬುದ್ಧ, ಅವನ ಪೂರ್ತಿ ಹೆಸರಿನಲ್ಲಿ 'ವೈಡೂರ್ಯಪ್ರಭ' ಇದೆ. ಚಿತ್ರಗಳಲ್ಲಿ ಅವನ ಮೈ ಕಡುನೀಲಿ. ಹಾಗಾಗಿ ಅನುವಾದದಲ್ಲಿ ವೈಡೂರ್ಯ ಅಂದರೆ ಲಾಜವರ್ದ (ಲ್ಯಾಪಿಸ್ ಲಜುಲಿ ಅನ್ನೋ ನೀಲಿ ಕಲ್ಲು) ಅಂತ ಮಾಡಿಬಿಟ್ಟಿದ್ದಾರೆ. ಒಂದು ಪದ ಊರು ಬಿಟ್ಟ ಮೇಲೆ ಹೋದಹೋದಲ್ಲಿ ಬೇರೆ ಬೇರೆ ಕಲ್ಲಿಗೆ ಅಂಟಿಕೊಂಡಿದೆ. ಹಾಗಿರುವಾಗ ನಮ್ಮಲ್ಲಿ ಮಾತ್ರ ಅದೇ ಕಲ್ಲಿಗೆ ಉಳಿದಿದೆ ಅಂತ ಹೇಗೆ ನಂಬೋದು?

ಈಗ ಮುಖ್ಯ ವಿಷಯ. ಹಳೆಯ ವೈಡೂರ್ಯ ಬೆಕ್ಕಿನ ಕಣ್ಣಲ್ಲ, ಅದು ಬೆರಿಲ್ ಅನ್ನೋದು ನನ್ನ ವಾದ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಶಕ್ಕೆ ಬರೋ ರತ್ನಗಳ ಪಟ್ಟಿ ಇದೆ. ಅಲ್ಲಿ ವೈಡೂರ್ಯದ ಬಗೆಗಳು: ನೈದಿಲೆ ಬಣ್ಣದ್ದು, ಶಿರೀಷದ ಹೂವಿನ ಬಣ್ಣದ್ದು, ನೀರಿನ ಬಣ್ಣದ್ದು, ಬಿದಿರಿನ ಬಣ್ಣದ್ದು, ಗಿಳಿರೆಕ್ಕೆ ಬಣ್ಣದ್ದು, ಪುಷ್ಯರಾಗ, ಗೋಮೂತ್ರದ ಬಣ್ಣದ್ದು, ಗೋಮೇದಕ. ನೀಲಿ, ತಿಳಿ ನೀರು, ಹಸಿರು, ಹಳದಿ, ಹೀಗೆ ಬೆರಿಲ್ ಕಲ್ಲು ಯಾವ್ಯಾವ ಬಣ್ಣದಲ್ಲಿ ಸಿಗುತ್ತೋ ಹೆಚ್ಚುಕಡಿಮೆ ಅದೇ ಸಾಲು. ಇಡೀ ಪಟ್ಟಿಯಲ್ಲಿ ಬೆಕ್ಕಿನ ಸುಳಿವೇ ಇಲ್ಲ. ಇನ್ನೊಂದು ಗಮನಿಸಿ, ಪುಷ್ಯರಾಗ, ಗೋಮೇದಕ ಎರಡೂ ಇಲ್ಲಿ ವೈಡೂರ್ಯದ ಒಳಗಿನ ಬಗೆಗಳು. ಇವತ್ತು ಪುಷ್ಯರಾಗ ಗುರುವಿಗೆ, ಗೋಮೇದಕ ರಾಹುವಿಗೆ, ವೈಡೂರ್ಯ ಕೇತುವಿಗೆ ಅಂತ ಮೂರನ್ನೂ ಮೂರು ಮನೆಗೆ ಹಂಚಿದ್ದೇವೆ. ಒಂಬತ್ತು ಗ್ರಹಕ್ಕೆ ಒಂಬತ್ತು ಕಲ್ಲು ಸರಿಹೊಂದಿಸುವಾಗ ಹೆಸರುಗಳು ಜಾಗ ಬದಲಿಸಿವೆ ಅಂತ ನನಗೆ ಅನಿಸುತ್ತೆ.

ಪಾಳಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ವೇಳುರಿಯ ಮಣಿಯ ಮಾತು ಬಂದಾಗ ಅದು ಎಂಟು ಮುಖವಾಗಿ ಸಾಣೆ ಹಿಡಿದ ತಿಳಿಯಾದ ಮಣಿ, ಒಳಗೆ ನೀಲಿ, ಹಳದಿ, ಕೆಂಪು, ಬಿಳಿ ದಾರ ಪೋಣಿಸಿದರೆ ಹೊರಗಿನಿಂದ ಕಾಣುತ್ತೆ. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಬರೆಯುತ್ತಾನೆ, ಭಾರತದವರಿಗೆ ಉದ್ದನೆಯ ಬೆರಿಲ್ ಅಂದರೆ ಪ್ರಾಣ, ಚಿನ್ನದಲ್ಲಿ ಕೂರಿಸದೆ ತೂತು ಕೊರೆದು ಆನೆಯ ಕೂದಲಲ್ಲಿ ಪೋಣಿಸಿ ಹಾಕಿಕೊಳ್ಳುತ್ತಾರೆ ಅಂತ. ಜೊತೆಗೆ ಸ್ಫಟಿಕಕ್ಕೆ ಬಣ್ಣ ಹಾಕಿ ಬೆರಿಲ್ ಅಂತ ಮೋಸ ಮಾಡೋದೂ ಅವರಿಗೆ ಗೊತ್ತು ಅಂತ ಒಂದು ಕುಟುಕು. ಎರಡು ಕಡೆಯೂ ತೂತು, ಪೋಣಿಸೋದು, ಒಳಗಿನದು ಹೊರಗೆ ಕಾಣೋದು. ಬೆಕ್ಕಿನ ಕಣ್ಣಿನ ಹರಳು ಹೊಗೆಯಾಡಿದಂತೆ ಮಬ್ಬಾಗಿರುತ್ತೆ, ಅದರೊಳಗೆ ನಾಲ್ಕು ಬಣ್ಣದ ದಾರ ಎಲ್ಲಿ ಕಾಣಬೇಕು?

ಕಾಳಿದಾಸನ ಕುಮಾರಸಂಭವದಲ್ಲೂ ಒಂದು ಸಾಕ್ಷಿ ಇದೆ. ಹುಟ್ಟಿದ ಪಾರ್ವತಿಯಿಂದ ತಾಯಿ ಮೇನೆ ಬೆಳಗಿದ್ದನ್ನು ಹೇಳುವಾಗ, ಹೊಸ ಮೋಡದ ಗುಡುಗಿಗೆ ಮೊಳೆತ ರತ್ನಶಲಾಕೆಯಿಂದ ವಿದೂರದ ನೆಲ ಬೆಳಗಿದ ಹಾಗೆ ಅನ್ನುತ್ತಾನೆ. ಗುಡುಗಿದರೆ ವೈಡೂರ್ಯ ಮೊಳೆಯುತ್ತೆ ಅನ್ನೋ ನಂಬಿಕೆ ಆಗಲೇ ಇತ್ತು ಅಂತಾಯಿತು. ನಮ್ಮ ಹಳ್ಳಿಗಳಲ್ಲಿ ಮುಂಗಾರಿನ ಗುಡುಗಿಗೆ ಅಣಬೆ ಏಳುತ್ತೆ ಅಂತ ಬೆಳಗಾಗೋ ಹೊತ್ತಿಗೆ ಹುತ್ತದ ಸುತ್ತ ಹುಡುಕೋಕೆ ಹೋಗುತ್ತಾರಲ್ಲ, ಹಾಗೇ. ಮಳೆಗೆ ಮಣ್ಣು ತೊಳೆದು ಹೋದ ಮೇಲೆ ಕಲ್ಲು ಮೇಲೆ ಕಂಡಿರುತ್ತೆ, ಅದಕ್ಕೆ ಗುಡುಗಿನ ಕಥೆ. ಅದಿರಲಿ, ನನಗೆ ಬೇಕಾದದ್ದು 'ಶಲಾಕೆ' ಅನ್ನೋ ಮಾತು. ಬಸವಣ್ಣನ 'ಸ್ಫಟಿಕದ ಶಲಾಕೆ' ಎಲ್ಲರಿಗೂ ಬಾಯಿಪಾಠ, ಅದೇ ಶಲಾಕೆ, ಕಡ್ಡಿ, ಸರಳು. ಬೆರಿಲ್ ಬಂಡೆಯಲ್ಲಿ ಬೆಳೆಯೋದೇ ಆರು ಮುಖದ ಉದ್ದ ಕಡ್ಡಿಗಳಾಗಿ. ಬೆಕ್ಕಿನ ಕಣ್ಣು ಅದಲ್ಲ. ಸಿಂಹಳದ ರತ್ನಪುರದ ಕಡೆ ಅದು ಸಿಗೋದು ಹೊಳೆಯ ಜಲ್ಲಿಯಲ್ಲಿ, ನೀರಿಗೆ ಉರುಳಿ ದುಂಡಗಾದ ಕಲ್ಲಾಗಿ. ಆ ದುಂಡುಕಲ್ಲನ್ನು ನೋಡಿ ಯಾರೂ ಶಲಾಕೆ ಅನ್ನಲ್ಲ.

ಕಲ್ಲು ಹುಟ್ಟಿದ ಜಾಗ ನೋಡಿದರೂ ದಕ್ಷಿಣಕ್ಕೇ ಬರಬೇಕು. ಕೊಯಮತ್ತೂರು ಕಡೆಯ ಪಡಿಯೂರಿನಲ್ಲಿ ಬೆರಿಲ್ ಗಣಿ ಇತ್ತು, ಅದೇ ಸುತ್ತಿನ ಕೊಡುಮಣಲ್ ಉತ್ಖನನದಲ್ಲಿ ಮಣಿ ಮಾಡೋ ಕುಲುಮೆ ಕಾರ್ಖಾನೆಗಳ ಗುರುತು, ಬೆರಿಲ್ ಮಣಿ ಎಲ್ಲ ಸಿಕ್ಕಿವೆ. ಆ ಸೀಮೆಯಲ್ಲಿ ರೋಮಿನ ನಾಣ್ಯಗಳು ರಾಶಿರಾಶಿ ಸಿಕ್ಕಿರೋದು ಸುಮ್ನೆ ಅಲ್ಲ. ಕನ್ನಡದವರಿಗೆ ಇನ್ನೂ ಹತ್ತಿರದ ಸುದ್ದಿ ಟಾಲೆಮಿಯದು. ಎರಡನೇ ಶತಮಾನದ ಅವನ ಭೂಗೋಳದಲ್ಲಿ 'ಪೌನ್ನಾಟ, ಬೆರಿಲ್ ಸಿಗುವ ಜಾಗ' ಅಂತ ಇದೆ. ಇದು ಕಬಿನಿ ದಡದ ನಮ್ಮ ಪುನ್ನಾಟ ರಾಜ್ಯ, ಅದರ ರಾಜಧಾನಿ ಕಿತ್ತೂರು ಹೆಗ್ಗಡದೇವನಕೋಟೆಯ ಕಡೆ. 'ಕುವಲಾಲಪುರವರೇಶ್ವರ' ಅಂತ ಬಿರುದು ಹೊತ್ತ, ಅಂದರೆ ನಮ್ಮ ಕೋಲಾರದ ಹೆಸರು ಹೇಳಿಕೊಳ್ಳುತ್ತಿದ್ದ ಗಂಗರಲ್ಲಿ ಅವಿನೀತ ಮದುವೆಯಾದದ್ದು ಪುನ್ನಾಟದ ರಾಜಕುಮಾರಿಯನ್ನ. ಅವಳ ಮಗ ದುರ್ವಿನೀತ. ಆಚಾರಿಗೆ ವೈಡೂರ್ಯದ ಜೊತೆ ನಮ್ಮ ಸೀಮೆಯ ನಂಟು ಬೇಕೇ ಬೇಕು ಅಂದರೆ ಈ ಬೀಗತನ ಹೇಳಬಹುದು, ವಿದುರನಿಗಿಂತ ಗಟ್ಟಿ.

ಹಾಗಾದರೆ ಬೆಕ್ಕು ಯಾವಾಗ ಒಳಗೆ ಬಂತು? ನಂತರದ ರತ್ನಪರೀಕ್ಷೆಯ ಶ್ಲೋಕಗಳಲ್ಲಿ ವೈಡೂರ್ಯಕ್ಕೆ ಮೂರು ಛಾಯೆ ಹೇಳುತ್ತಾರೆ: ಬಿದಿರೆಲೆಯದು, ನವಿಲಿನ ಕೊರಳಿನದು, ಬೆಕ್ಕಿನ ಕಣ್ಣಿನದು. ಮೊದಲ ಎರಡು ಬೆರಿಲ್‌ಗೆ ಹೊಂದುತ್ತವೆ. ಮೂರನೆಯದು ಮೊದಲು ಬರೀ ಬಣ್ಣದ ಮಾತಾಗಿತ್ತು, ಕಂದುಹಳದಿ ಅಂತ. ಆಮೇಲೆ ಸಿಂಹಳ, ಕೇರಳದ ಕಡೆಯಿಂದ ನಿಜವಾಗಿ ಕಣ್ಣಿನಂತೆ ಗೆರೆ ಮಿನುಗೋ ಕಲ್ಲು ಬಂದಾಗ ಹೆಸರು ಪೂರ್ತಿ ಅದಕ್ಕೇ ಹೋಯಿತು. ಇದು ನನ್ನ ಊಹೆ. ಬಲ್ಲವರು ತಿದ್ದಿ.

ಹೋಗಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಆಚಾರಿ ಹರಳನ್ನು ಅಂಗೈ ಮೇಲಿಟ್ಟು ಟಾರ್ಚ್ ಬಿಟ್ಟು ತೋರಿಸಿದ. ಮೇಲೆ ಉಬ್ಬು, ಕೆಳಗೆ ಚಪ್ಪಟೆ, ಜೇನುತುಪ್ಪದ ಬಣ್ಣ. ನಡುವೆ ಒಂದು ಬಿಳಿ ಗೆರೆ. ಕೈ ಅಲುಗಿಸಿದರೆ ಗೆರೆ ಆ ಕಡೆಯಿಂದ ಈ ಕಡೆಗೆ ಜಾರುತ್ತೆ. ಬೆಳಕು ಪಕ್ಕದಿಂದ ಬಿದ್ದರೆ ಒಂದು ಅರ್ಧ ಜೇನು, ಇನ್ನೊಂದು ಅರ್ಧ ಹಾಲು. ಎರಡು ಟಾರ್ಚ್ ಹಿಡಿದು ಹರಳನ್ನು ತಿರುಗಿಸಿದರೆ ಗೆರೆ ಎರಡಾಗಿ ತೆರೆದು ಮತ್ತೆ ಮುಚ್ಚುತ್ತೆ, ಕಣ್ಣು ಮಿಟುಕಿಸಿದ ಹಾಗೇ. ಒಳಗೆ ಕೂದಲಿಗಿಂತ ಸಣ್ಣ ಸೂಜಿಗಳು ಒಂದೇ ದಿಕ್ಕಿಗೆ ಸಾಲಾಗಿ ಇರೋದರಿಂದ ಬೆಳಕು ಅಡ್ಡಲಾಗಿ ಗೆರೆ ಕಟ್ಟುತ್ತೆ ಅಷ್ಟೇ. ಆದರೆ ನೋಡುವಾಗ ಮೈ ಜುಮ್ ಅನ್ನುತ್ತೆ. ಕೆಟ್ಟ ಕಣ್ಣಿಗೆ ಎದುರು ಒಂದು ಕಣ್ಣು ಅಂತ ದೃಷ್ಟಿಗೆ ಕಟ್ಟಿಸೋರು ಇರೋದು, ಗುಟ್ಟಿನ ಶತ್ರುವಿನಿಂದ ಕಾಪಾಡುತ್ತೆ ಅನ್ನೋದು, ದಿಂಬಿನ ಕೆಳಗಿಟ್ಟು ಕನಸು ನೋಡಿ ಆಮೇಲೆ ಬೆರಳಿಗೆ ಹಾಕಿ ಅನ್ನೋದು, ಹರಳು ಚರ್ಮಕ್ಕೆ ತಾಗಲಿ ಅಂತ ಕೆಳಗೆ ತೆರೆದು ಕೂರಿಸೋದು, ಎಲ್ಲ ಈ ಕಣ್ಣಿನಿಂದ ಹುಟ್ಟಿದ ನಂಬಿಕೆ. ಅದರಿಂದ ಗ್ರಹ ಬದಲಾಗುತ್ತಾ ಅನ್ನೋದನ್ನು ಇಲ್ಲಿ ಚರ್ಚೆ ಮಾಡೋದು ಬೇಡ.

ಒಂದು ಮಾತು ಮಾತ್ರ, ಕೊಳ್ಳುವವರಿಗೆ ಉಪಯೋಗ ಆಗುತ್ತೆ. ಗೆರೆ ತೀರಾ ಚೂಪಾಗಿ, ಬಣ್ಣ ಕಣ್ಣು ಕುಕ್ಕುವಷ್ಟು ಇದ್ದರೆ ಭೂತಗನ್ನಡಿ ಇಟ್ಟು ಹರಳಿನ ಪಕ್ಕದ ತುದಿ ನೋಡಿ. ಸಣ್ಣಸಣ್ಣ ಆರುಮೂಲೆ ಮನೆಗಳು ಒತ್ತಾಗಿ ಕಂಡರೆ ಅದು ಗಾಜಿನ ಎಳೆ ಸೇರಿಸಿ ಮಾಡಿದ್ದು. ಪ್ಲಿನಿಯ ಕುಟುಕು ಇವತ್ತಿಗೂ ಸಲ್ಲುತ್ತೆ.

ಇನ್ನೊಂದು ತಮಾಷೆಯ ಸಂಗತಿ. ಇವತ್ತಿನ ವೈಡೂರ್ಯಕ್ಕೆ ರತ್ನಶಾಸ್ತ್ರದ ಹೆಸರು ಕ್ರೈಸೊಬೆರಿಲ್. ಹೆಸರಲ್ಲಿ ಬೆರಿಲ್ ಇದ್ದರೂ ಅದು ಬೆರಿಲ್ ಅಲ್ಲ, ಬೇರೆ ಖನಿಜ, ಗಡಸುತನ ಜಾಸ್ತಿ, ಮೋಸ್ ಅಳತೆಯಲ್ಲಿ ಎಂಟೂವರೆ. ಆದರೆ ಎರಡರಲ್ಲೂ ಬೆರಿಲಿಯಂ ಇದೆ. 1798ರಲ್ಲಿ ವೋಕ್ಲ್ಯಾಂ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಬೆರಿಲ್ ಮತ್ತು ಪಚ್ಚೆಯಲ್ಲಿ ಆ ಧಾತುವನ್ನು ಗುರುತಿಸಿದ. ಪಚ್ಚೆಯೂ ಬೆರಿಲ್ ಜಾತಿಯದೇ, ಜೋಯಿಸರು ಅದನ್ನು ಬುಧನಿಗೆ ಹೇಳುತ್ತಾರೆ. ಹಾಗೆ ನೋಡಿದರೆ ಹಳೆಯ ವೈಡೂರ್ಯದ ಸ್ವಂತ ರಕ್ತಸಂಬಂಧ ಈಗ ಬುಧನ ಮನೆಯಲ್ಲಿದೆ, ಹೆಸರು ಕೇತುವಿನ ಮನೆಯಲ್ಲಿದೆ.

ಬಳಕೆಯ ವಿಷಯಕ್ಕೆ ಬಂದರೆ, ನಮ್ಮ ಮಾತಿನಲ್ಲಿ ವೈಡೂರ್ಯ ಒಂಟಿಯಾಗಿ ಬರೋದೇ ಕಡಿಮೆ. 'ವಜ್ರ ವೈಡೂರ್ಯ' ಅಂತ ಜೋಡಿಯಾಗೇ ಬರುತ್ತೆ. ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಸಿಂಹಾಸನಕ್ಕೂ ಅದೇ, 'ವಜ್ರ ವೈಡೂರ್ಯ ಕೇಳಿದ್ನಾ ನಾನು, ಒಂದು ಸೀರೆ ಕೇಳಿದ್ದಲ್ವಾ' ಅನ್ನೋ ಮನೆಯ ಜಗಳಕ್ಕೂ ಅದೇ. ಹೇಳುವವರ ಮನಸ್ಸಿನಲ್ಲಿ ಯಾವ ಕಲ್ಲೂ ಇರೋದಿಲ್ಲ. ಅರ್ಥ ಬೇರೆ ಕಲ್ಲಿಗೆ ಜಾರಿದ್ದು ಯಾರಿಗೂ ಗೊತ್ತಾಗದೆ ಇದ್ದದ್ದು ಇದಕ್ಕೇ ಇರಬಹುದು.

ಕಾಗುಣಿತದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ವೈಡೂರ್ಯ ಸರಿ, ಬೇಕಿದ್ದರೆ ಪಾಣಿನಿಯ ವೈದೂರ್ಯವನ್ನೂ ಒಪ್ಪೋಣ. ಢಕಾರಕ್ಕೆ ಮೂಲದಲ್ಲಿ ಎಲ್ಲೂ ಜಾಗ ಇಲ್ಲ. ತೆಲುಗಿನಲ್ಲೂ ಹಲವರು ಢ ಬರೆಯೋದು ಕಂಡಿದ್ದೇನೆ, ಅಂಗಡಿ ಬೋರ್ಡುಗಳಲ್ಲಂತೂ ಅದೇ ಜಾಸ್ತಿ. ಮಹಾಪ್ರಾಣ ಹಾಕಿದರೆ ಬೆಲೆ ಹೆಚ್ಚು ಅನ್ನೋ ಹಾಗೆ.

ಇನ್ನು ನಿಮ್ಮಿಂದ ಬೇಕಾದದ್ದು. ಹಳಗನ್ನಡ ಕಾವ್ಯಗಳಲ್ಲಿ ವೈಡೂರ್ಯಕ್ಕೆ ಬಣ್ಣ ಹೇಳಿದ ಕಡೆ ಯಾರಿಗಾದರೂ ನೆನಪಿದ್ದರೆ ಪದ್ಯ ಸಮೇತ ಕೊಡಿ. ಹಸಿರು ನೀಲಿ ಅಂದಿದ್ದರೆ ನನ್ನ ವಾದ ನಿಲ್ಲುತ್ತೆ, ಕಣ್ಣು, ಗೆರೆ, ಬೆಕ್ಕು ಅಂದಿದ್ದರೆ ಬದಲಾವಣೆ ಯಾವ ಕಾಲಕ್ಕೆ ಆಯಿತು ಅಂತ ತಿಳಿಯುತ್ತೆ. ಪಾಳಿ ಬಲ್ಲವರಿಗೆ ಇನ್ನೊಂದು: 'ವೇಳು' ಅಂದರೆ ಪಾಳಿಯಲ್ಲಿ ಬಿದಿರು, ಬುದ್ಧ ಉಳಿದುಕೊಳ್ಳುತ್ತಿದ್ದ ವೇಳುವನ ಬಿದಿರಿನ ತೋಪು. ಕೌಟಿಲ್ಯನ 'ವಂಶರಾಗ'ವೂ ಬಿದಿರಿನದೇ. ವೇಳುರಿಯಕ್ಕೂ ಈ ವೇಳುವಿಗೂ ಸಂಬಂಧ ಇದೆಯಾ, ಅಥವಾ ಇದೂ ಸದ್ದಿನ ಹೋಲಿಕೆಯಾ? ಹೆಗ್ಗಡದೇವನಕೋಟೆ, ನಂಜನಗೂಡು ಕಡೆಯವರು ಯಾರಾದರೂ ಇದ್ದರೆ, ಅಲ್ಲಿ ಹೊಲದಲ್ಲಿ ಸಿಗೋ ಹಸಿರು ಅಥವಾ ನೀಲಿ ಕಡ್ಡಿಕಲ್ಲಿಗೆ ಜನ ಏನಂತಾರೆ ಅಂತ ವಿಚಾರಿಸಿ ಬರೆಯಿರಿ. ಮತ್ತೆ ಬೆಕ್ಕಿನ ಕಣ್ಣಿನ ಹರಳಿಗೆ ನಿಮ್ಮ ಊರಿನ ಆಚಾರಿಗಳು ಕನ್ನಡದಲ್ಲಿ ಏನು ಹೆಸರು ಹೇಳುತ್ತಾರೆ? ನಮ್ಮಲ್ಲಿ ಪಿಲ್ಲಿಕನ್ನು ಬಿಟ್ಟರೆ ಬೇರೆ ಪದ ಕೇಳಿಲ್ಲ.